ಅಮಾವಾಸ್ಯೆಯ ಸರ್ವೇ

ಕಂಪನಿ ಕೊಟ್ಟ ಗುರುತಿನ ಚೀಟಿಯ ಪ್ರಕಾರ ನಾನು ಸ್ಥಳೀಯ ಸಂಪರ್ಕಾಧಿಕಾರಿ. ಗಾಳಿಯಿಂದ ಕರೆಂಟು ತೆಗೆಯುವ ಕಂಪನಿಯಲ್ಲಿ ಗಾಳಿಗೂ ಕರೆಂಟಿಗೂ ಸಂಬಂಧವಿಲ್ಲದ ಕೆಲಸಗಳೆಲ್ಲ ಈ ಅಧಿಕಾರಿಯದು. ಹೊಲದ ಯಜಮಾನ ಸಿಟ್ಟಿಗೆದ್ದರೆ ಸಮಾಧಾನ ಮಾಡಬೇಕು. ಹೆಡ್ಡಾಫೀಸಿನಿಂದ ಬಂದವರಿಗೆ ಖಾರ ಕಡಿಮೆ ಇರುವ ಊಟ ಹುಡುಕಬೇಕು. ಎರೆಮಣ್ಣಿನಲ್ಲಿ ಬೂಟು ಕಳೆದುಕೊಂಡ ಎಂಜಿನಿಯರರಿಗೆ ಬೂಟು ಹುಡುಕಿ ಕೊಡಬೇಕು. ಅಧಿಕಾರ ಅಂತ ಇದ್ದದ್ದು ಒಂದೇ, ಸಹಿ ಹಾಕುವುದು. ಮುಂದೆ ಏನಾದರೂ ಎಡವಟ್ಟಾದರೆ ಯಾರದಾದರೂ ಹೆಸರು ಬೇಕಲ್ಲ, ಅದಕ್ಕಾಗಿ ಎಲ್ಲ ಕಾಗದದ ಮೇಲೂ ನನ್ನಿಂದ ಸಹಿ ಹಾಕಿಸಿಕೊಳ್ಳುತ್ತಿದ್ದರು. ನಾನೂ ದೊಡ್ಡಸ್ತಿಕೆಯಿಂದ ಹಾಕುತ್ತಿದ್ದೆ.

ನಾನು ಗಜೇಂದ್ರಗಡದ ನೇಕಾರರ ಮನೆಯವನು. ನಮ್ಮ ಮನೆಯಲ್ಲಿ ಕುಣಿ ಮಗ್ಗದೊಳಗೆ ಕಾಲು ಇಳಿಬಿಡದೆ ದೊಡ್ಡವನಾದ ಮೊದಲ ಗಂಡಸು ನಾನೇ. ಅದಕ್ಕೆ ಕಾರಣ ನನ್ನ ಅಕ್ಕ. ಅಪ್ಪ ತೀರಿಕೊಂಡ ಮೇಲೆ ಖಾಲಿ ಬಿದ್ದ ಮಗ್ಗದಲ್ಲಿ ತಾನು ಕುಳಿತು ನನ್ನನ್ನು ಸಾಲಿ ಕಲಿಯಲು ಅಟ್ಟಿದಳು. ಮದುವೆಯಾಗಿ ಅದೇ ಓಣಿಯ ಆ ತುದಿಯ ಮನೆಗೆ ಹೋದಳು, ಅಲ್ಲಿಯೂ ಮಗ್ಗವೇ. ಅಷ್ಟು ವರ್ಷವೂ ಆಕೆ ಕೂಲಿಗೆ ನೇಯ್ದದ್ದು ಸೀರೆ ಅಂಗಡಿಯ ಮಾಲೀಕರ ನೂಲು. ಬಣ್ಣ ಅವರು ಹೇಳಿದ್ದು, ಅಂಚು ಅವರು ಹೇಳಿದ್ದು, ಮಡಿಚಿದ ಸೀರೆ ಹೋಗುವುದೂ ಅವರ ಅಂಗಡಿಗೆ. ಪಟ್ಟೇದ ಅಂಚಿನ ಸೀರೆ ಅಕ್ಕನಷ್ಟು ಚೊಕ್ಕಟವಾಗಿ ನೇಯುವವರು ಓಣಿಯಲ್ಲಿ ಇಲ್ಲವೆಂದು ಮಾಲೀಕರೇ ಹೊಗಳುತ್ತಿದ್ದರು. ಹೊಗಳಿಕೆಯನ್ನು ಅವರು ಯಾವತ್ತೂ ಕೈ ಹಿಡಿದು ಕೊಟ್ಟವರಲ್ಲ.

ಕಂಪನಿಯ ಯೋಜನೆಯ ನಕಾಶೆಯಲ್ಲಿ ನರಗುಂದ, ರೋಣ, ಗಜೇಂದ್ರಗಡ ಮೂರೂ ಒಂದೇ ಬಣ್ಣದ ಮೂರು ತೇಪೆಗಳು. ನರಗುಂದದ ಕಡೆ ಬಿಸಿಲಿನ ಕರೆಂಟು, ರೋಣದ ಎರೆಹೊಲಗಳಲ್ಲಿ ಗಾಳಿಯ ಕಂಬ, ಗಜೇಂದ್ರಗಡದ ಗುಡ್ಡದ ಮೇಲೆ ಇನ್ನಷ್ಟು ಕಂಬ. ಈ ನಕಾಶೆ ಬರೆದ ಪ್ಲಾನಿಂಗ್ ಸಾಹೇಬರು ನಕಾಶೆಯ ಮೇಲೆ ಬೆರಳಾಡಿಸುತ್ತ, ಕೊಣ್ಣೂರಿನಿಂದ ಗಜೇಂದ್ರಗಡಕ್ಕೆ ಒಂದು ಸೆಕೆಂಡಿನಲ್ಲಿ ಬರುತ್ತಿದ್ದರು. ನಾವು ಬಸ್ಸಿನಲ್ಲಿ ಬರುವವರಿಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಮೊದಮೊದಲು ನನ್ನ ಕೆಲಸ ರೈತರ ಒಪ್ಪಿಗೆ ಪಡೆಯುವುದಾಗಿತ್ತು. ಬೇರೆ ದಿನ ರೈತನನ್ನು ಹುಡುಕುವುದೆಂದರೆ ಹೊಲದಿಂದ ಹೊಲಕ್ಕೆ ಅಲೆಯುವುದು. ಆಗ ನನಗೊಂದು ಉಪಾಯ ಹೊಳೆಯಿತು. ಅಮಾವಾಸ್ಯೆಯ ದಿನ ನಮ್ಮ ಕಡೆ ಯಾರೂ ಎತ್ತು ಹೂಡುವುದಿಲ್ಲ. ಎಲ್ಲರೂ ಊರಲ್ಲೇ ಇರುತ್ತಾರೆ, ಹೊಟ್ಟೆ ತುಂಬ ಉಂಡಿರುತ್ತಾರೆ, ಮಾತಾಡುವ ಉಮೇದಿನಲ್ಲಿರುತ್ತಾರೆ. ರೋಣದ ಕಡೆಯ ಬೆಳವಣಕಿಯಲ್ಲಿ ಮೊದಲ ಅಮಾವಾಸ್ಯೆ ಸಭೆ ಕರೆದೆ. ಜನ ಜಾತ್ರೆಯಾಯಿತು. ಸಾಹೇಬರು ಪರದೆ ಕಟ್ಟಿ ಚಿತ್ರ ತೋರಿಸಿದರು.

ಒಬ್ಬ ಹಿರಿಯರು ಎದ್ದು ನಿಂತು, "ನಿಮ್ಮ ಫ್ಯಾನು ತಿರಗಿದ್ರ ಮಾಡ ದೂಡಿಕೊಂಡು ಹೋಗ್ತಾವಂತ, ಮಳಿ ಆಗೂದಿಲ್ಲಂತ. ಖರೇ ಏನ್ರಿ?" ಎಂದು ಕೇಳಿದರು.

ಸಾಹೇಬರು ಇನ್ನೊಂದು ಚಿತ್ರ ತೋರಿಸಿದರು. ಅದರಲ್ಲಿ ಮೋಡವೂ ಇತ್ತು, ಫ್ಯಾನೂ ಇತ್ತು, ಎರಡೂ ನಗುತ್ತಿದ್ದವು.

"ಭಾಳ ಚಲೋ ತಗದಾರ," ಎಂದರು ಹಿರಿಯರು. "ಮಳಿ ಹೋದ್ರ ಈ ಚಿತ್ರಾ ತೋರಿಸಿ ತಿರಿಗಿ ಕರಕೊಂಡ ಬರ್ತೀರೇನ್ರಿ?"

ಸಭೆ ನಕ್ಕಿತು, ಸಾಹೇಬರಿಗೆ ಅರ್ಥವಾಗದೆ ಅವರೂ ನಕ್ಕರು, ನಗುವಿನಲ್ಲೇ ಒಪ್ಪಿಗೆ ಕಾಗದಗಳಿಗೆ ಸಹಿಯೂ ಆಯಿತು. ಮುಂದಿನ ಮೀಟಿಂಗಿನಲ್ಲಿ ಸಾಹೇಬರು ನನ್ನ ಬೆನ್ನು ತಟ್ಟಿ, "ಲೋಕಲ್ ನಾಲೆಜ್ ಅಂದ್ರೆ ಇದು ಕಣ್ರೀ" ಎಂದರು. ಅಂದಿನಿಂದ ನಾನು ಎಲ್ಲ ಕೆಲಸವನ್ನೂ ಅಮಾವಾಸ್ಯೆಗೇ ಇಟ್ಟುಕೊಳ್ಳತೊಡಗಿದೆ. ಸಭೆ ಅಮಾವಾಸ್ಯೆಗೆ, ಜಾಗ ತೋರಿಸುವುದು ಅಮಾವಾಸ್ಯೆಗೆ, ರಸ್ತೆ ಅಳೆಯುವುದೂ ಅಮಾವಾಸ್ಯೆಗೆ. ಚಕ್ಕಡಿಯಿಲ್ಲ, ದನವಿಲ್ಲ, ರಸ್ತೆಯೆಲ್ಲ ಖಾಲಿ. ಇಷ್ಟು ಸುಲಭದ ಸರ್ವೇ ಬೇರೆ ಯಾವ ಜಿಲ್ಲೆಯಲ್ಲೂ ಆಗಿಲ್ಲವೆಂದು ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಕಂಬದ ತುಂಡುಗಳನ್ನು ತರುವುದು ಅಷ್ಟು ಕಷ್ಟವಲ್ಲ. ಕಷ್ಟವಿರುವುದು ರೆಕ್ಕೆಯದು. ಒಂದು ಕಂಬಕ್ಕೆ ಮೂರು ರೆಕ್ಕೆ, ಒಂದೊಂದಕ್ಕೂ ಒಂದೊಂದು ಲಾರಿ. ಹತ್ತಾರು ಚಕ್ಕಡಿ ಸಾಲಾಗಿ ನಿಂತಷ್ಟು ಉದ್ದದ ಲಾರಿ ಅದು. ಕೊಣ್ಣೂರಿನಲ್ಲಿ ಮಲಪ್ರಭೆಯ ಸೇತುವೆ ದಾಟಿ, ನರಗುಂದ, ರೋಣ ಹಾಯ್ದು ಗಜೇಂದ್ರಗಡಕ್ಕೆ ಬರಬೇಕು. ಅಲ್ಲಿಯವರೆಗೆ ತೊಂದರೆಯಿಲ್ಲ. ಗಜೇಂದ್ರಗಡದ ಪೇಟೆಯ ತಿರುವಿನಲ್ಲಿ ಮಾತ್ರ ನಮ್ಮ ಸಾದಾ ಬಸ್ಸೇ ಎರಡು ಸಲ ಹಿಂದೆ ಮುಂದೆ ಆಡಿ ತಿರುಗುತ್ತದೆ. ಸಾಹೇಬರು ಮೇಲಿನಿಂದ ತೆಗೆದ ಚಿತ್ರವನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಒಂದು ಕಡೆ ಬೆರಳಿಟ್ಟರು.

"ನೋಡ್ರೀ, ಇಷ್ಟು ನೆಟ್ಟಗಿರೋ ರಸ್ತೆ ಇಟ್ಕೊಂಡು ಪೇಟೆಯಲ್ಲಿ ಯಾಕೆ ಒದ್ದಾಡ್ತೀರಿ? ಅಗಲವಾಗಿದೆ, ಒಂದು ಮರ ಇಲ್ಲ, ಒಂದು ಕಟ್ಟೆ ಇಲ್ಲ. ಯಾರೋ ಬುದ್ಧಿವಂತ ಪ್ಲಾನ್ ಮಾಡಿದ್ದು."

ಅವರ ಬೆರಳು ನಮ್ಮ ಓಣಿಯ ಮೇಲಿತ್ತು. ನನಗೆ ಹೆಮ್ಮೆಯಾಯಿತು. ನಮ್ಮ ಓಣಿ ಕಂಪ್ಯೂಟರಿನಲ್ಲಿ ಇಷ್ಟು ಚೆಂದ ಕಾಣುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಅದು ಯಾಕೆ ಅಷ್ಟು ನೆಟ್ಟಗಿದೆ, ಯಾಕೆ ಅಲ್ಲೊಂದು ಬೇವಿನ ಗಿಡವೂ ಇಲ್ಲ ಎಂಬುದು ನೇಕಾರರ ಮನೆಯಲ್ಲಿ ಹುಟ್ಟಿದ ನನಗೆ ಹೊಳೆಯಲಿಲ್ಲ.

ಸರ್ವೇಗೆ ಹೋದದ್ದು ಅಮಾವಾಸ್ಯೆಯ ಬೆಳಗ್ಗೆ. ಓಣಿಯಲ್ಲಿ ಒಂದು ಕೋಳಿಯೂ ಅಡ್ಡ ಇರಲಿಲ್ಲ. ಅಕ್ಕನ ಮನೆಯ ಮುಂದೆ ಟೇಪು ಬಿಚ್ಚಿದೆ. ಸಹಾಯಕ್ಕೆ ಯಾರೂ ಇರಲಿಲ್ಲ, ಅಕ್ಕ ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ಒಂದ ತುದಿ ಹಿಡಿ."

ಸೆರಗಿಗೆ ಕೈ ಒರೆಸಿಕೊಂಡು ಬಂದು ಹಿಡಿದಳು. "ಏನ್ ಅಳಿಯಾಕತ್ತೀಯೋ ತಮ್ಮಾ? ಓಣಿ ಯಾರರ ಕೊಂಡ್ರೇನು?"

"ದೊಡ್ಡ ಲಾರಿ ಬರೂದೈತಿ, ಗಾಳಿ ಕಂಬದ ರೆಕ್ಕಿ ಹೊತಗೊಂಡು."

"ಬರ್ಲಿ ಬಿಡು. ಬರೂ ದಿನ ಮುಂಚೆ ಹೇಳು, ಅಷ್ಟ."

"ಅಮಾಸಿ ದಿನಾನ ಬರ್ತೈತಿ. ನಾನ ಗೊತ್ತ ಮಾಡೇನಿ."

"ಹಂಗಾದ್ರ ಚಲೋ ಆತು. ಬಾ ಒಳಗ, ಕಡಬು ಆರಿ ಹೊಕ್ಕಾವ."

ನಾನು ಆ ತುದಿಯಿಂದ ಅಳತೆಯನ್ನು ಕೂಗಿ ಹೇಳಿದೆ, ಅಕ್ಕ ಈ ತುದಿಯಿಂದ ನಕ್ಕಳು. ಫಾರ್ಮಿನಲ್ಲಿ 'ಅಡೆತಡೆಗಳು' ಎಂಬ ಕಾಲಂ ಇತ್ತು. ಕಂಬ, ತಂತಿ, ಮರ, ತಗಡಿನ ಚಪ್ಪರ, ಗುಡಿ, ಇತರೆ. ಎಲ್ಲದರ ಮುಂದೆಯೂ 'ಇಲ್ಲ' ಎಂದು ಬರೆದು ಸಹಿ ಹಾಕಿ, ನಾಲ್ಕು ಕಡಬು ತುಪ್ಪದಲ್ಲಿ ಅದ್ದಿಕೊಂಡು ತಿಂದೆ.

ಉಳಿದ ದಿನ ಆ ಓಣಿ ಹೇಗಿರುತ್ತದೆಂದು ಹೇಳಬೇಕು. ನೇಯುವ ಮೊದಲು ಸೀರೆಯ ಉದ್ದನೆಯ ಎಳೆಗಳನ್ನೆಲ್ಲ, ಅಂದರೆ ಹಾಸನ್ನು, ಓಣಿಯುದ್ದಕ್ಕೂ ಎಳೆದು ಕಟ್ಟುತ್ತಾರೆ. ಎರಡು ತುದಿಗೆ ಗೂಟ, ನಡುನಡುವೆ ಕತ್ತರಿಯಂತೆ ನಿಲ್ಲಿಸಿದ ಬಿದಿರು. ಅದಕ್ಕೆ ಗಂಜಿ ಹಚ್ಚಿ, ಇಬ್ಬರು ಎರಡೂ ಬದಿಗೆ ನಿಂತು ಉದ್ದನೆಯ ಕುಂಚದಿಂದ ತಿಕ್ಕುತ್ತ ಹೋಗುತ್ತಾರೆ. ಗಂಜಿ ಆರುವವರೆಗೆ ಅದನ್ನು ಅಲುಗಿಸುವಂತಿಲ್ಲ. ಹಸಿ ಇರುವಾಗ ಮಡಿಚಿದರೆ ಸಾವಿರಾರು ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಓಣಿ ನೆಟ್ಟಗೆ, ಅಗಲವಾಗಿ, ಗಿಡವಿಲ್ಲದೆ ಇರುವುದು ಇದಕ್ಕಾಗಿ. ಸಾಹೇಬರು ಹೇಳಿದ ಆ ಬುದ್ಧಿವಂತರು ನಮ್ಮ ಮುತ್ತಜ್ಜಂದಿರು. ನೇಕಾರರು ಬಿಡುವು ಮಾಡುವುದು ಅಮಾವಾಸ್ಯೆಗೆ ಮಾತ್ರ. ನಾನು ಅಳೆದದ್ದು ಆ ಒಂದು ದಿನದ ಓಣಿಯನ್ನು. ಹಾಸಿನ ಕೆಳಗೆ ನುಸುಳಿಯೇ ನಾನು ಸಾಲಿಗೆ ಹೋದವನು. ಅದು ನನ್ನ ಕಣ್ಣಿಗೆ ಅಡೆತಡೆಯಂತೆ ಕಂಡಿದ್ದೇ ಇಲ್ಲ, ಬೆಳಗಾಯಿತು ಎಂದರೆ ಅದೇ. ಬೆಳಗಾಗುವುದನ್ನು ಯಾರಾದರೂ 'ಇತರೆ' ಕಾಲಮ್ಮಿನಲ್ಲಿ ಬರೆಯುತ್ತಾರೆಯೇ?

ಆ ವರ್ಷ ಫ್ಯಾನುಗಳ ಮೇಲೆ ಮಳೆ ಓಡಿಸಿದ ಆರೋಪ ಹೊರಿಸಲು ಯಾರಿಗೂ ಅವಕಾಶ ಸಿಗಲಿಲ್ಲ. ಶ್ರಾವಣದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ರೆಕ್ಕೆಯ ಮೊದಲ ಲಾರಿ ಅಮಾವಾಸ್ಯೆಗೆ ಬರಬೇಕಿತ್ತು, ಅಕ್ಕನಿಗೆ ಹೇಳಿದ್ದೆ, ಓಣಿಗೂ ಹೇಳಿದ್ದೆ. ಮಲಪ್ರಭೆ ತುಂಬಿ ಹೊಳೆಮಣ್ಣೂರಿನ ಹೊಲಗಳಿಗೆ ನುಗ್ಗಿತು, ಕೊಣ್ಣೂರಿನ ಸೇತುವೆಯ ಮೇಲೆ ನೀರು ಹರಿಯಿತು. ಲಾರಿ ಆ ಕಡೆ ದಂಡೆಯಲ್ಲಿ ನಿಂತಿತು. ಹೆಡ್ಡಾಫೀಸಿನಿಂದ ದಿನಕ್ಕೊಂದು ಪರಿಷ್ಕೃತ ವೇಳಾಪಟ್ಟಿ ಬರುತ್ತಿತ್ತು. ಹೊಳೆ ಮಾತ್ರ ಅದನ್ನು ಓದುತ್ತಿರಲಿಲ್ಲ.

ಆ ಮಳೆಯಲ್ಲಿ ಅಕ್ಕನೂ ಕಾಯುತ್ತಿದ್ದಳು. ಅದೇ ತಿಂಗಳು ಆಕೆ ಮೊದಲ ಬಾರಿ ತನ್ನ ಸ್ವಂತ ನೂಲು ತಂದಿದ್ದಳು. ಒಂದು ಸಂಜೆ ಹೋದಾಗ ಬಣ್ಣ ಹಾಕಿಸಿದ ನೂಲಿನ ಲಡಿಗಳನ್ನು ನನ್ನ ಮಡಿಲಿಗೆ ಹಾಕಿ ತೋರಿಸಿದಳು. ಎಳೆ ಮೆಂತೆಪಲ್ಯದ ಹಸಿರು.

"ಈ ಸಲ ನೂಲು ನಂದ, ಬಣ್ಣ ನಂದ, ಅಂಚು ನಂದ," ಎಂದಳು. "ಮಾಲೀಕರು ಈ ಬಣ್ಣ ಪ್ಯಾಟ್ಯಾಗ ಓಡಂಗಿಲ್ಲ ಅಂತಾರ. ಓಡ್ತೈತೋ ಇಲ್ಲೋ ಒಂದ ಸಲ ನಾನ ನೋಡ್ತೇನಿ. ಬಿಸಲೊಂದ ಬೀಳವಲ್ದು."

ಅಷ್ಟು ವಯಸ್ಸಿನಲ್ಲಿ ಅಕ್ಕನ ಮುಖದಲ್ಲಿ ಅಂಥ ಕಳೆ ಕಂಡು ನನಗೆ ಖುಷಿಯಾಯಿತು.

ಅಮಾವಾಸ್ಯೆ ಕಳೆದು ಕೆಲವು ದಿನಕ್ಕೆ ಬಿಸಿಲು ಬಿತ್ತು. ಆ ಬಿಸಿಲಿಗೆ ಕೊಣ್ಣೂರಿನಲ್ಲಿ ನೀರು ಇಳಿಯಿತು. ನಾನಾಗ ರೋಣದ ಹತ್ತಿರ ಒಂದು ಹೊಲದಲ್ಲಿದ್ದೆ. ಬೇಸಿಗೆಯಲ್ಲಿ ಕಲ್ಲಿನಂತಿದ್ದ ನೆಲ ನೋಡಿ ಅಲ್ಲಿ ಕ್ರೇನು ನಿಲ್ಲಿಸಬಹುದೆಂದು ತೀರ್ಮಾನಿಸಿದ್ದರು, ಈಗ ಕ್ರೇನು ಎರೆಮಣ್ಣಿನೊಳಗೆ ಮೊಳಕಾಲವರೆಗೆ ಇಳಿದು ನಿಂತಿತ್ತು. ಕೆಸರು ಮೆತ್ತಿದ ಕೈಯಲ್ಲಿ ಫೋನು ನೋಡಿದೆ. ಸಾಹೇಬರ ಸಂದೇಶ: ಲಾರಿ ಸೇತುವೆ ದಾಟಿದೆ, ನಾಳೆ ಬೆಳಗ್ಗೆ ಗಜೇಂದ್ರಗಡ. ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಫೋನು ಕಿಸೆಗೆ ಹಾಕಿದೆ. ಅಕ್ಕನಿಗೆ ಹೇಳಬೇಕೆಂಬುದು ತಲೆಗೇ ಬರಲಿಲ್ಲ. ಎಷ್ಟು ಸಲ ನೆನೆದರೂ ಆ ಹೆಬ್ಬೆರಳಿಗೆ ನನ್ನ ಹತ್ತಿರ ಸಬೂಬಿಲ್ಲ.

ಮರುದಿನ ಬೆಳಗ್ಗೆ ಕೆಂಪು ಬಾವುಟ ಹಿಡಿದು, ಬೆನ್ನ ಹಿಂದೆ ಆ ರೆಕ್ಕೆಯ ಲಾರಿಯನ್ನಿಟ್ಟುಕೊಂಡು ಓಣಿಯ ಬಾಯಿಗೆ ಬಂದೆ. ಓಣಿಯುದ್ದಕ್ಕೂ ಮೆಂತೆಪಲ್ಯದ ಹಸಿರು ಹರಡಿತ್ತು. ಅಷ್ಟು ದಿನ ಬಿಸಿಲಿಗಾಗಿ ಕಾದ ಓಣಿಯಲ್ಲಿ ಎಲ್ಲರಿಗಿಂತ ಮೊದಲು ಎದ್ದವಳು ಅಕ್ಕ. ಉಳಿದವರು ಇನ್ನೂ ಗೂಟ ಹೂಡುತ್ತಿದ್ದರು, ಅವರು ಸುತ್ತಿಕೊಂಡು ಸರಿಯಬಲ್ಲರು. ಅಕ್ಕ ಆಗಲೇ ಗಂಜಿ ಹಚ್ಚಿ ಮುಗಿಸಿದ್ದಳು. ಒಂದು ಬದಿಗೆ ಅಕ್ಕ, ಇನ್ನೊಂದು ಬದಿಗೆ ಆಕೆಯ ಗಂಡ, ನಮ್ಮ ಮಾವ, ಕುಂಚ ಹಿಡಿದು ತಿಕ್ಕುತ್ತಿದ್ದರು. ಎಳೆಗಳಿಂದ ಹನಿ ತೊಟ್ಟಿಕ್ಕುತ್ತಿತ್ತು.

ಮಾವ ಲಾರಿ ನೋಡಿ, "ಇದು ಅಮಾಸಿಗೆ ಬರಬೇಕಾಗಿತ್ತಲ್ಲೋ?" ಎಂದರು.

ಅಕ್ಕ ಕುಂಚ ನಿಲ್ಲಿಸದೆ ಹೇಳಿದಳು, "ಎರಡ ತಾಸು ತಡೀರಿ. ಆರಿದ ಕೂಡ್ಲೇ ತಗೀತೇನಿ."

ಪೇಟೆಯಲ್ಲಿ ಲಾರಿ ನಿಲ್ಲಲು ಪೊಲೀಸರ ಅನುಮತಿ ಇದ್ದದ್ದು ಎಂಟರವರೆಗೆ. ಏಳಾಗಿ ಹೋಗಿತ್ತು. ಲಾರಿಯ ಬಾಲ ಇನ್ನೂ ದೊಡ್ಡ ರಸ್ತೆಯಲ್ಲಿ ಅಡ್ಡ ನಿಂತಿತ್ತು, ಹಿಂದೆ ಬಸ್ಸುಗಳು ಕೂಗುತ್ತಿದ್ದವು. ಅಷ್ಟು ಉದ್ದದ ಲಾರಿ ಹಿಂದಕ್ಕೂ ಹೋಗಲಾರದು. ಡ್ರೈವರ್ ರಾಜಸ್ಥಾನದವನು. ಇಳಿದು ಬಂದು, ಯಾರನ್ನೂ ಕೇಳದೆ ಒಂದು ಬೆರಳಿನಿಂದ ಎಳೆಗಳನ್ನು ಮುಟ್ಟಿ ನೋಡಿದ. "ಗೀಲಾ ಹೈ ಭಾಯ್," ಎಂದು ಹೇಳಿ ಹೋಗಿ ಎಂಜಿನ್ ಆರಿಸಿದ. ಇಡೀ ಯೋಜನೆಯಲ್ಲಿ ನೂಲು ಹಸಿಯಿದೆಯೋ ಒಣಗಿದೆಯೋ ಎಂದು ಮುಟ್ಟಿ ನೋಡಿದವನು ಅವನೊಬ್ಬನೇ.

ನಾನು ಸಾಹೇಬರಿಗೆ ಫೋನು ಮಾಡಿದೆ. ಬಸ್ಸುಗಳ ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದ್ದು ನನ್ನ ಇನ್ನೊಂದು ಜಾಣತನ.

"ದಾರ ತಾನೇ ಕಣ್ರೀ? ಸುತ್ತಿಡೋಕೆ ಹೇಳಿ, ಆಮೇಲೆ ಬಿಚ್ಚಿಕೊಳ್ಳಲಿ."

"ಹಸಿ ಐತ್ರಿ ಸರ್. ಎರಡು ತಾಸು ಬೇಕು."

"ಎರಡು ತಾಸು? ರಿಪೋರ್ಟಲ್ಲಿ ಅಡೆತಡೆ ಇಲ್ಲ ಅಂತ ಇದೆಯಲ್ಲ? ಕೆಳಗೆ ಸೈನ್ ಯಾರದು ನೋಡ್ಕೊಳ್ಳಿ. ಎಂಟರೊಳಗೆ ಲಾರಿ ಆಚೆ ಹೋಗದಿದ್ದರೆ ನಾಳೆಯಿಂದ ನೀವು ಬರೋದು ಬೇಡ."

ಸಾಹೇಬರ ಮಾತು ಇಡೀ ಓಣಿಗೆ ಕೇಳಿಸಿತ್ತು. ಅಕ್ಕ ಕುಂಚ ಕೆಳಗಿಟ್ಟು ನನ್ನ ಹತ್ತಿರ ಬಂದಳು. ಕೈಯೆಲ್ಲ ಗಂಜಿ.

"ಖರೇ ಹೇಳು. ಈ ಲಾರಿ ಈಗ ಹೋಗ್ಲಿಲ್ಲ ಅಂದ್ರ ನಿನಗೇನಾಗ್ತೈತಿ?"

ಸುಳ್ಳು ಹೇಳಬಹುದಿತ್ತು. ಏನೂ ಆಗೂದಿಲ್ಲಕ್ಕಾ, ನೀ ತಿಕ್ಕು ಎನ್ನಬಹುದಿತ್ತು. ರೈತರ ಸಭೆಗಳಲ್ಲಿ ಅದಕ್ಕಿಂತ ದೊಡ್ಡ ಸುಳ್ಳುಗಳನ್ನು ನಗುನಗುತ್ತ ಹೇಳಿದ ಬಾಯಿ ಇದು. ಆವತ್ತು ಮಾತ್ರ ನಿಜ ಹೇಳಿತು.

"ಕೆಲಸ ಹೋಗ್ತೈತಿ."

ಅಕ್ಕ ನನ್ನನ್ನು ಬೈಯಲಿಲ್ಲ, ಲಾರಿಯನ್ನೂ ನೋಡಲಿಲ್ಲ. ಹೋಗಿ ಓಣಿಯ ಆ ತುದಿಯ ಗೂಟವನ್ನು ತಾನೇ ಕಿತ್ತಳು. ಬಿಗಿಯಾಗಿ ನಿಂತಿದ್ದ ಹಾಸು ಸೊಂಟ ಮುರಿದಂತೆ ನೆಲಕ್ಕೆ ಕುಸಿಯಿತು. ಮಾವ, "ಏ, ಏ" ಎನ್ನುತ್ತ ಓಡಿ ಹೋದರು, ಅಷ್ಟರಲ್ಲಿ ಆಗಿ ಹೋಗಿತ್ತು. ಓಣಿಯವರು ಕೈಗೆ ಸಿಕ್ಕಷ್ಟು ಎತ್ತಿ ಬದಿಗೆ ಹಾಕಿದರು. ಹಸಿ ನೂಲಿನ ಮುದ್ದೆಯನ್ನು ಅಕ್ಕ ಎರಡೂ ತೋಳಲ್ಲಿ ಹೊತ್ತು ಒಳಗೆ ಹೋದಳು. ನಾನು ಬಾವುಟ ಹಿಡಿದು ಲಾರಿಯ ಮುಂದೆ ನಡೆದೆ. ಅಷ್ಟು ನಾಚಿಕೆಯಿಂದ ನಾನು ನನ್ನ ಓಣಿಯಲ್ಲಿ ಯಾವತ್ತೂ ನಡೆದಿರಲಿಲ್ಲ. ಎಂಟಕ್ಕೆ ಮೊದಲೇ ರೆಕ್ಕೆ ಗುಡ್ಡದ ದಾರಿ ಹಿಡಿಯಿತು.

ಕಂಪನಿಯ ವರದಿಯಲ್ಲಿ ಅದು 'ಸ್ಥಳೀಯ ಸಮುದಾಯದ ಸಂಪೂರ್ಣ ಸಹಕಾರ' ಎಂದು ಬಂತು. ನನಗೊಂದು ಮೆಚ್ಚುಗೆ ಪತ್ರವೂ ಬಂತು, ಅದಕ್ಕೆ ಚೌಕಟ್ಟು ಕಂಪನಿಯದೇ. ಅಕ್ಕನಿಗೆ ಪರಿಹಾರ ಕೊಡಿಸಲು ಫಾರ್ಮು ತೆಗೆದೆ. ಮರ, ಬೆಳೆ, ಗೋಡೆ, ಕೊಳವೆಬಾವಿ, ಇಷ್ಟಕ್ಕೆ ಕಾಲಂ ಇದ್ದವು. ನೂಲಿನ ಹಾಸು ಎಂಬುದಕ್ಕೆ ಇರಲಿಲ್ಲ. ವಿಧಿಯಿಲ್ಲದೆ 'ಬೆಳೆ' ಎಂಬಲ್ಲಿ ತುಂಬಿ ಕಳಿಸಿದೆ. ಹೊಲದ ಸರ್ವೇ ನಂಬರು ಮತ್ತು ನಿಂತ ಬೆಳೆಯ ಫೋಟೊ ಲಗತ್ತಿಸಿ ಎಂದು ವಾಪಸು ಬಂತು. ನಾನು ನನ್ನ ಕೈಯಿಂದ ಕೊಡಲು ಹೋದರೆ ಅಕ್ಕ, "ಇಟಗೋ, ನಿನ್ನ ಪಗಾರದಾಗ ನನ್ನ ಬಣ್ಣ ಬರಂಗಿಲ್ಲ," ಎಂದಳು. ಮತ್ತೆ ಮಾಲೀಕರ ನೂಲು ಮಗ್ಗಕ್ಕೆ ಏರಿತು. ಓಡುವ ಬಣ್ಣ.

ಆ ಕಂಬದ ಉಳಿದ ಎರಡು ರೆಕ್ಕೆ ಬರುವುದಿತ್ತು. ಈ ಸಲ ನಾನು ಸರ್ವೇ ಫಾರ್ಮಿನಲ್ಲಿ ಅಂಚಿನಲ್ಲೂ ಜಾಗ ಬಿಡದೆ ಬರೆದೆ: ಅಮಾವಾಸ್ಯೆ ಬಿಟ್ಟು ಉಳಿದೆಲ್ಲ ದಿನ ಈ ರಸ್ತೆ ಬಂದ್. ಸಾಹೇಬರಿಗೆ ಅದು ಬಹಳ ಹಿಡಿಸಿತು. ಮುಂದಿನ ಮೀಟಿಂಗಿನಲ್ಲಿ, ತಾವೇ ಕಂಡುಹಿಡಿದಂತೆ, ಪಂಚಾಂಗ ಆಧರಿಸಿದ ಸಾಗಣೆ ಎಂದು ಒಂದು ಚಿತ್ರ ಮಾಡಿ ತೋರಿಸಿದರು. ಅದರಲ್ಲಿ ಚಂದ್ರನೂ ನಗುತ್ತಿದ್ದ.

ಅಮಾವಾಸ್ಯೆಯ ಬೆಳಗ್ಗೆ ಎರಡು ಲಾರಿಗಳೂ ಬಂದವು. ಓಣಿ ಖಾಲಿ. ಬಿಡುವಿನ ದಿನವಾದ್ದರಿಂದ ಜನ ಎರಡೂ ಬದಿಗೆ ಸಾಲಾಗಿ ನಿಂತು ನೋಡುತ್ತಿದ್ದರು. ಮಾವನೂ ನಿಂತಿದ್ದರು. ಅಕ್ಕ ಕಾಣಲಿಲ್ಲ. ಲಾರಿ ಅವರ ಮನೆಯ ಮುಂದೆ ಬಂದಾಗ ಬಾಗಿಲಲ್ಲಿ ಇಣುಕಿದೆ.

ಅಕ್ಕ ಪಡಸಾಲೆಯಲ್ಲಿ ಕುಳಿತಿದ್ದಳು. ಮುಂದೆ ಬಿಸಿನೀರಿನ ಬೋಗುಣಿ, ಅದರಲ್ಲಿ ಆ ಹಸಿರು ಮುದ್ದೆ. ಗಂಜಿ ನೆನೆಸಿ, ಒಂದೊಂದೇ ಎಳೆಯ ತುದಿ ಹುಡುಕಿ ಬಿಡಿಸುತ್ತಿದ್ದಳು. ಪಕ್ಕದಲ್ಲಿ ಬಿಡಿಸಿದ್ದು ಒಂದು ಹಿಡಿಯಷ್ಟಿತ್ತು, ಹರಿದದ್ದು ಒಂದು ಮೊರದ ತುಂಬ.

"ಅಕ್ಕಾ, ಇವತ್ತ ಅಮಾಸಿ," ಎಂದೆ. ಮಗ್ಗದ ಕೆಲಸವನ್ನು ಆ ದಿನ ಅಕ್ಕ ಎಂದೂ ಮುಟ್ಟಿದವಳಲ್ಲ.

"ನೇಯೂದಕ್ಕ ಅಮಾಸಿ ಐತಿ," ಎಂದಳು. "ಬಿಡಸೂದಕ್ಕ ಯಾವ ಅಮಾಸಿ?"

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ನಾನು ಮುಂದೆ ನಡೆಯದೆ ಲಾರಿ ನಡೆಯುವಂತಿಲ್ಲ. ನಾನು ಬಾವುಟವನ್ನು ಮಾವನ ಕೈಗೆ ಕೊಟ್ಟು ಒಳಗೆ ಬಂದು ಕುಳಿತೆ. ಅಕ್ಕ ಮುದ್ದೆಯಿಂದ ಒಂದು ಎಳೆ ಎತ್ತಿ ನನ್ನ ಕಡೆ ಚಾಚಿದಳು.

"ಒಂದ ತುದಿ ಹಿಡಿ."

ಹಿಡಿದೆ. ಆಕೆ ನೀರಿನೊಳಗೆ ಬೆರಳಾಡಿಸುತ್ತ ಮೆಲ್ಲಗೆ ಬಿಡಿಸಿದಳು, ನಾನು ಮೆಲ್ಲಗೆ ಎಳೆದೆ. ಒಂದು ಮೊಳ ಬಂತು, ಎರಡು ಮೊಳ ಬಂತು, ಹರಿಯಿತು. ಹೊರಗೆ ರೆಕ್ಕೆ ಹೋಗುತ್ತಿತ್ತು, ಅದರ ನೆರಳು ಬಾಗಿಲನ್ನು ದಾಟಲು ಬಹಳ ಹೊತ್ತು ಹಿಡಿಯಿತು. ಅಕ್ಕ ತಲೆ ಎತ್ತಲಿಲ್ಲ. ಹರಿದ ತುಂಡನ್ನು ಮೊರಕ್ಕೆ ಹಾಕಿ, ನನ್ನ ಕೈಗೆ ಇನ್ನೊಂದು ತುದಿ ಕೊಟ್ಟಳು.